ನಿಮ್ಮಲ್ಲಿ ಎಷ್ಟು ಬಂತು?

ಕೆಳಗಿನ ಮನೆಯ ಲ್ಯಾಂಡ್‌ಲೈನ್ ಫೋನು ಬೆಳಿಗ್ಗೆ ಬೆಳಿಗ್ಗೆಯೇ ಹೊಡೆದುಕೊಳ್ಳುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೊಬೈಲಿನ ಹಾಡಲ್ಲ, ಹಳೇ ಕಾಲದ ಟ್ರಿಣ್ ಟ್ರಿಣ್. ಬೆಟ್ಟದ ಕಡೆಯ ತೋಟಗಳಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲವೆಂದು ಆ ಮನೆಯವರು ಅದನ್ನು ಉಳಿಸಿಕೊಂಡಿದ್ದರು. ಫೋನು ನಿಂತ ಕೂಡಲೇ ಮನೆಯೊಡತಿಯ ದನಿ ಮೆಟ್ಟಿಲು ಹತ್ತಿ ಮಹಡಿಯಲ್ಲಿದ್ದ ನನ್ನ ಮಂಚದ ತನಕ ಬರುತ್ತಿತ್ತು.

"ನಿಮ್ಮಲ್ಲಿ ಎಷ್ಟು ಬಂತು? ಎಂಬತ್ತು ಸೆಂಟ್ಸಾ! ಪುಣ್ಯ ಮಾಡಿದೀರಿ ಮಾರಾಯ್ರೇ. ನಮ್ಗೆ ಹದಿನೈದು. ಧೂಳೂ ಅಡಗಿಲ್ಲ."

ಇಟ್ಟರೆ ಮತ್ತೆ ಟ್ರಿಣ್. ಜಾವಳಿಯಿಂದ ಒಬ್ಬರು, ಕಳಸದಿಂದ ಒಬ್ಬರು, ದೇವರಮನೆ ಗುಡ್ಡದ ಕಡೆಯಿಂದ ಇನ್ನೊಬ್ಬರು. ನಾನು ಕಂಬಳಿಯೊಳಗಿಂದ ಹೊರಬರುವಷ್ಟರಲ್ಲಿ ಇಡೀ ಜಿಲ್ಲೆಯಲ್ಲಿ ಹಿಂದಿನ ದಿನ ಎಲ್ಲೆಲ್ಲಿ ಎಷ್ಟು ಮಳೆಯಾಗಿದೆ ಎನ್ನುವುದು ನನಗೆ ಬಾಯಿಪಾಠ. ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಅದು ಚಿಕ್ಕಮಗಳೂರಿನಲ್ಲಿ ನನ್ನ ಮೊದಲ ಮಾರ್ಚ್ ತಿಂಗಳು. ಅರವತ್ತೈದು ದಾಟಿದ ಮೇಲೆ ಒಬ್ಬಳೇ ಈ ಊರಿಗೆ ಬಂದವಳು ನಾನು. ಯಜಮಾನರ ಕೆಲಸದ ದೆಸೆಯಿಂದ ಬದುಕಿನ ಬಹುಪಾಲು ನಾಗಪುರದಲ್ಲಿ ಕಳೆದಿತ್ತು. ಮಕ್ಕಳಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಆ ಬಿಸಿಲಿನಲ್ಲಿ ಯಾತಕ್ಕೆ ಕೂತಿದ್ದೇನೆ ಅನ್ನಿಸಿತು. ಮೈಸೂರಿನಲ್ಲಿ ಅಕ್ಕ ಇದ್ದಳು. ಅಲ್ಲಿಗೆ ಹೋಗುವುದಕ್ಕೂ, ಹೋಗದೇ ಇರುವುದಕ್ಕೂ ಅದೇ ಕಾರಣ. ಅವಳ ಮನೆಯಲ್ಲಿ ನಾನು ಸಾಯುವ ತನಕ ತಂಗಿಯಾಗಿರಬೇಕು. ಆನೆಸ್ಟ್ಲಿ, ನನಗೆ ಒಂದು ಸಲ, ಯಾರ ಹೆಂಡತಿಯೂ ಯಾರ ತಂಗಿಯೂ ಅಲ್ಲದೆ, ಬರೀ ನಾನಾಗಿ ಒಂದು ಊರಿನಲ್ಲಿ ಇದ್ದು ನೋಡಬೇಕಿತ್ತು. ಎಂದೋ ಒಮ್ಮೆ ರಜೆಯಲ್ಲಿ ಬಂದು ಉಳಿದಿದ್ದ, ಗುಡ್ಡದ ಗಾಳಿ ಬೀಸುವ ಈ ಊರು ನೆನಪಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ರೀಸನ್ ಯಾರು ಕೇಳಿದರೂ ನನ್ನ ಹತ್ತಿರ ಇಲ್ಲ.

"ಹುಚ್ಚು ಕಣೇ ನಿಂಗೆ" ಅಂದಿದ್ದಳು ಅಕ್ಕ. "ಈ ವಯಸ್ಸಲ್ಲಿ ಹೊಸಬರು ಯಾರು ಸಿಗ್ತಾರೆ? ಡಾಕ್ಟ್ರು ಸಿಗ್ತಾರೆ, ಅಷ್ಟೇ."

"ಒಂದು ವರ್ಷ ನೋಡ್ತೀನಿ" ಎಂದೆ. "ಫೋನ್ ಮಾಡದೆ ಹೋಗಿ ಬಾಗಿಲು ತಟ್ಟಬಹುದಾದಂಥ ಒಂದೇ ಒಂದು ಮನೆ ನಂಗೆ ಅಲ್ಲಿ ಆಗಲಿಲ್ಲ ಅಂದ್ರೆ ಬಂದುಬಿಡ್ತೀನಿ."

ಮಾತು ಸುಲಭವಾಗಿ ಬಾಯಿಂದ ಬಂತು. ನಿಭಾಯಿಸುವುದು ಸುಲಭವಿರಲಿಲ್ಲ. ಚಿಕ್ಕಂದಿನ ಬೋರ್ಡಿಂಗ್ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಫೋರ್ಕ್ ಹಿಡಿಯುವುದು, ಥ್ಯಾಂಕ್ಯೂ ನೋಟ್ ಬರೆಯುವುದು, ಹೇಳದೆ ಕೇಳದೆ ಇನ್ನೊಬ್ಬರ ಮನೆಗೆ ಕಾಲಿಡಬಾರದು ಎನ್ನುವುದು, ಎಲ್ಲ ಕಲಿಸಿದ್ದರು. ಫ್ರೆಂಡ್ಸ್ ಮಾಡಿಕೊಳ್ಳುವುದನ್ನು ಕಲಿಸಿರಲಿಲ್ಲ. ಅದು ಡಾರ್ಮಿಟರಿಯಲ್ಲಿ, ದೀಪ ಆರಿಸಿದ ಮೇಲೆ, ತಾನಾಗಿ ಆಗುತ್ತಿತ್ತು. ತಾನಾಗಿ ಆಗದಿದ್ದರೆ ಏನು ಮಾಡಬೇಕೆಂಬುದು ನನಗೆ ಗೊತ್ತಿರಲಿಲ್ಲ.

ಊರಿನವರು ಒಳ್ಳೆಯವರು. ಯಾರ ಮನೆಗೆ ಹೋದರೂ ಕಾಫಿ ಕೊಡದೆ ಕಳಿಸುವುದಿಲ್ಲ. ಆದರೆ ಆ ಕಾಫಿ ಬರುವುದಕ್ಕೆ ಮುಂಚೆ ಒಂದು ಪ್ರಶ್ನೆ ಬರುತ್ತದೆ. ಮನೆಯೊಡತಿ ಕರೆದುಕೊಂಡು ಹೋಗಿದ್ದ ಹೆಂಗಸರ ಕ್ಲಬ್ಬಿನಲ್ಲಿ, ರೇಷ್ಮೆ ಸೀರೆಯ ಒಬ್ಬರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೇಳಿದರು: "ಯಾವ ತೋಟದೋರು ನೀವು?"

"ನಮಗೆ ತೋಟ ಇಲ್ಲ."

"ಯಜಮಾನ್ರ ಕಡೆಯಿಂದ?"

"ಅಲ್ಲೂ ಇಲ್ಲ."

ಅವರು ಪಾಪ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಹಾಗಾದ್ರೆ ಹೋಂಸ್ಟೇ ಮಾಡೋ ಐಡಿಯಾನಾ?" ಎಂದರು. ಅದೂ ಇಲ್ಲ ಎಂದಾಗ ಬಿಸ್ಕತ್ತಿನ ತಟ್ಟೆ ನನ್ನತ್ತ ಸರಿಸಿದರು. ಇಲ್ಲಿ ಒಬ್ಬರನ್ನು ಗುರುತು ಹಿಡಿಯುವುದು ತೋಟದಿಂದ. ಯಾವ ಹಳ್ಳ ದಾಟಿದ ಮೇಲೆ, ಯಾರ ಬೇಲಿಯ ಪಕ್ಕ, ಕಾಫಿ ಅರೇಬಿಕಾವೋ ರೋಬಸ್ಟಾವೋ ಎಂದು ಗೊತ್ತಾದ ಮೇಲೆ ಮನುಷ್ಯರು ಮನಸ್ಸಿನಲ್ಲಿ ಒಂದು ಕಡೆ ಕೂರುತ್ತಾರೆ. ನಾನು ಎಲ್ಲೂ ಕೂರಲಿಲ್ಲ. ಯಾರೂ ಅವಮಾನ ಮಾಡಿದ್ದಲ್ಲ. ಸಂಜೆ ವಾಕಿಂಗಿನಲ್ಲಿ ಎದುರಾದರೆ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಮನೆಗೆ ಬಂದು ರೇಡಿಯೋ ಹಾಕುತ್ತಿದ್ದೆ. ಬಂದದ್ದು ಜೂನಿನಲ್ಲಿ. ಮಾರ್ಚ್ ಬರುವಷ್ಟರಲ್ಲಿ ಅಕ್ಕನ ಮನೆಯ ಹಿಂದಿನ ರೂಮಿಗೆ ಯಾವ ಬಣ್ಣದ ಕರ್ಟನ್ ಹಾಕಬೇಕೆಂದು ಯೋಚಿಸತೊಡಗಿದ್ದೆ.

ಫೋನಿನ ಸದ್ದಿನ ಬಗ್ಗೆ ಒಂದು ದಿನ ಮನೆಯೊಡತಿಯನ್ನೇ ಕೇಳಿದೆ. ಪೇಟೆಯಲ್ಲಿ ಅಂಗಡಿ, ಆಲ್ದೂರಿನ ಕಡೆ ಸ್ವಲ್ಪ ತೋಟ ಇದ್ದ ಮನೆತನ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು.

"ಹೂಮಳೆ ಕಾಲ ಅಲ್ವಾ" ಎಂದರು. "ಈಗ ಬೀಳೋ ಮಳೆಗೇ ಕಾಫಿ ಗಿಡ ಹೂ ಬಿಡೋದು. ಕಡಿಮೆ ಬಿದ್ರೆ ಮೊಗ್ಗು ಅರ್ಧಕ್ಕೇ ಕೆಡ್ತದೆ. ಅದ್ಕೇ ಎಲ್ರೂ ರೈನ್ ಗೇಜ್ ನೋಡಿ ಹೇಳ್ಕೊಳ್ಳೋದು. ಒಂದಿಂಚಿಗೆ ನೂರು ಸೆಂಟ್ಸು. ಬೇರೇ ಕಾಲದಲ್ಲಿ ಮಾತು ಬಿಟ್ಟೋರೂ ಈಗ ಫೋನ್ ಮಾಡ್ತಾರೆ."

ಮರುದಿನ ಕೃಷಿ ಸಾಮಾನಿನ ಅಂಗಡಿಗೆ ಹೋಗಿ ಒಂದು ರೈನ್ ಗೇಜ್ ತಂದೆ. "ಯಾವ ಎಸ್ಟೇಟಿಗೆ ಮೇಡಂ?" ಎಂದು ಅಂಗಡಿಯವರು ಕೇಳಿದಾಗ, "ಟೆರೇಸಿಗೆ" ಎಂದೆ. ಅವರು ನಗಲಿಲ್ಲ. ಬಹುಶಃ ನಾನು ಹೊರಟ ಮೇಲೆ ನಕ್ಕಿರಬೇಕು.

ಟೆರೇಸಿನಲ್ಲಿ ಗಾಳಿ ಜಾಸ್ತಿ. ಗೇಜು ಉರುಳಿಬಿದ್ದರೆ ಎಂದು, ಮೆಟ್ಟಿಲ ಮೇಲೆ ಹೊದಿಸಿದ್ದ ತಗಡಿನ ಶೀಟಿನ ಅಂಚಿನ ಕೆಳಗೆ, ಗೋಡೆಗೆ ಒತ್ತಿಕೊಂಡ ಹಾಗೆ, ಅದನ್ನು ಜೋಪಾನವಾಗಿ ಕೂರಿಸಿದೆ. ನಾಲ್ಕಾರು ದಿನಕ್ಕೆ, ಒಂದು ಸಂಜೆ, ಗುಡುಗಿ ಮಳೆ ಬಂತು. ಬೆಳಿಗ್ಗೆ ಹತ್ತಿ ನೋಡಿದರೆ ಮೂರು ಇಂಚಿನ ಮೇಲೆ ನೀರು! ಸೀರೆ ಎತ್ತಿಕಟ್ಟಿಕೊಂಡೇ ಕೆಳಗಿಳಿದು, ಫೋನಿನಲ್ಲಿದ್ದ ಮನೆಯೊಡತಿಗೆ ಸನ್ನೆ ಮಾಡಿ ಹೇಳಿದೆ. ಅವರು ಕಣ್ಣರಳಿಸಿದರು.

"ಕೇಳ್ರೀ, ಚಿಕ್ಕಮಗ್ಳೂರು ಪೇಟೇಲಿ ಮೂರಿಂಚು! ಹ್ಞೂಂ, ನಮ್ಮ ಮಹಡಿ ಮನೆಯೋರು ಅಳ್ದಿದಾರೆ. ಇಂಗ್ಲಿಷ್ ಓದಿದೋರು, ಸುಳ್ಳಿರಲ್ಲ."

ಆ ಕಡೆ ಇದ್ದವರು ಕೊಟ್ಟಿಗೆಹಾರದ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಅಲ್ಲಿಯ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದವರು. ತವರಿನಿಂದ ಬಂದ ರೋಬಸ್ಟಾ ತೋಟದ ಸಣ್ಣ ತುಂಡೊಂದು ಅವರಿಗೆ ಇಲ್ಲೇ, ನಮ್ಮ ಊರು ದಾಟಿದ ಕೂಡಲೇ, ಇತ್ತು. ಪೇಟೆಯಲ್ಲಿ ಮೂರಿಂಚು ಎಂದರೆ ಅಲ್ಲೂ ಸಾಕಷ್ಟು ಬಿದ್ದಿರಲೇಬೇಕು ಎಂದುಕೊಂಡು, ಅವತ್ತು ನಡೆಯಬೇಕಿದ್ದ ಸ್ಪ್ರಿಂಕ್ಲರ್ ನಿಲ್ಲಿಸಿ ಪೈಪು ಬಿಚ್ಚಿಡಿ ಎಂದು ಆ ತೋಟದ ಲೆಕ್ಕ ನೋಡುವ ರೈಟರಿಗೆ ಫೋನಿನಲ್ಲೇ ಹೇಳಿಬಿಟ್ಟರು. ತೋಟದಿಂದ ತಿರುಗಿ ಫೋನು ಹೋಯಿತು: ಇಲ್ಲಿ ನೆಲ ಮೇಲ್ಮೇಲೆ ನೆನೆದಿದೆ ಅಷ್ಟೇ. ಸಂಜೆಗೆ ಮತ್ತೆ ಪೈಪು ಜೋಡಿಸಿ ನೀರು ಬಿಟ್ಟದ್ದಾಯಿತು. ಕಾಫಿಗೇನೂ ಆಗಲಿಲ್ಲ. ಆದರೆ ಮಾರನೇ ದಿನ ನಮ್ಮ ಗೇಟಿನ ಮುಂದೆ ಒಂದು ಜೀಪು ಬಂದು ನಿಂತಿತು.

"ಮೂರಿಂಚು ಮಳೆ ಬರಿಸಿದೋರು ಯಾರು? ಎಲ್ಲಿ, ಮುಖ ನೋಡೋಣ!"

ದನಿಯ ಹಿಂದೆಯೇ ಮನುಷ್ಯರೂ ಮೆಟ್ಟಿಲು ಹತ್ತಿ ಬಂದರು. ದಪ್ಪ ದೇಹ, ಕಾಟನ್ ಸೀರೆ, ಕಾಲಿಗೆ ಗಂಡಸರ ಶೂ. ನಾನು "ಗುಡ್ ಮಾರ್ನಿಂಗ್" ಅಂದೆ. ಅಂಥ ಹೊತ್ತಿನಲ್ಲಿ ಕಾನ್ವೆಂಟು ಹೀಗೆ ಕೈಕೊಡುತ್ತದೆ. ಅವರು ನನ್ನನ್ನು ದಾಟಿಕೊಂಡು ಟೆರೇಸಿಗೆ ಹೋದರು. ಗೇಜನ್ನು ನೋಡಿದರು. ತಲೆ ಎತ್ತಿ ಶೀಟನ್ನು ನೋಡಿದರು. ಬೆಳಗಿನ ಇಬ್ಬನಿ ಶೀಟಿನ ಅಂಚಿನಿಂದ ಒಂದೊಂದೇ ಹನಿಯಾಗಿ ಸರಿಯಾಗಿ ಗೇಜಿನ ಬಾಯಿಗೇ ತೊಟ್ಟಿಕ್ಕುತ್ತಿತ್ತು. ಆಮೇಲೆ ಅವರು ನಗಲು ಶುರು ಮಾಡಿದ್ದು ನಿಲ್ಲಿಸಲಾಗದೆ ನೀರಿನ ಟ್ಯಾಂಕಿಗೆ ಒರಗಿಕೊಂಡರು.

"ಎಂಥ ಮಾರಾಯ್ರೇ ನೀವು! ಇಡೀ ಶೀಟಿನ ಮಳೆ ಒಂದು ಡಬ್ಬಿಗೆ ಹಿಡಿದು ನಂಗೆ ಲೆಕ್ಕ ಕೊಟ್ರಲ್ಲ! ನಮ್ಮ ರೈಟ್ರು ನನ್ನನ್ನೇ ಕೇಳ್ತಾರೆ, ಅಮ್ಮ ಹುಷಾರಿದೀರಾ ಅಂತ!"

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಐ ಆಮ್ ಸೋ ಸಾರಿ" ಎಂದೆ.

"ಸಾರಿ ಆಮೇಲೆ. ಮೊದ್ಲು ಇದನ್ನ ಎತ್ತಿ. ಅಲ್ಲಿ, ನಡುವಿಗಿಡಿ. ಮೇಲೆ ಆಕಾಶ ಬಿಟ್ರೆ ಏನೂ ಇರ್ಬಾರ್ದು. ಗಾಳಿಗಾ? ಎರಡು ಇಟ್ಟಿಗೆ ಕೊಡಿ."

ಇಬ್ಬರೂ ಸೇರಿ ಇಟ್ಟಿಗೆ ಹೊತ್ತೆವು. ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, "ಇದರಲ್ಲಿ ಚಿಕೋರಿ ಎಷ್ಟು ಹಾಕಿದೀರಿ? ಇದೂ ಶೀಟಿನ ಕೆಳಗೆ ಇಟ್ಟು ಮಾಡಿದ್ದಾ?" ಅಂದರು. ತೋಟ ಯಾವುದು ಎಂದು ಅವರು ಕೇಳಲೇ ಇಲ್ಲ. ಕೇಳುವ ಅಗತ್ಯ ಅವರಿಗೆ ಕಂಡಂತಿರಲಿಲ್ಲ.

ಮುಂದಿನ ಮಳೆಯ ಮರುಬೆಳಿಗ್ಗೆ ನನ್ನ ಮೊಬೈಲು ಹೊಡೆದುಕೊಂಡಿತು. "ಶೀಟಿನವ್ರೇ, ನಿಮ್ಮಲ್ಲಿ ಎಷ್ಟು ಬಂತು?"

"ಇಪ್ಪತ್ತೆರಡು ಸೆಂಟ್ಸ್" ಎಂದೆ, ಬಹಳ ಜವಾಬ್ದಾರಿಯಿಂದ.

"ಈಗ ಸರಿ ಹೋಯ್ತು ನೋಡಿ. ಜಾವಳಿಯೋರಿಗೂ ಹೇಳ್ಬಿಡಿ, ನಂಬರ್ ಕೊಡ್ತೀನಿ. ನಂಗೆ ಬೋರ್ ಆಗಿದೆ ಅವ್ರ ಹತ್ರ ಮಾತಾಡಿ."

ಹೀಗೆ ನಾನು ಆ ಫೋನುಗಳ ಸುತ್ತಿಗೆ ಸೇರಿದೆ. ಜಾವಳಿಯವರಿಗೆ ಹೇಳಿದೆ, ಅವರು ಸೊಂಟನೋವಿನ ಕಥೆ ಹೇಳಿದರು. ಕ್ಲಬ್ಬಿನ ರೇಷ್ಮೆ ಸೀರೆಯವರು ಒಂದು ಸಂಜೆ ದೂರದಿಂದಲೇ "ನಿಮ್ಮ ಟೆರೇಸಲ್ಲಿ ಹೇಗೆ?" ಎಂದು ಕೂಗಿದರು. ಆದರೂ ಇದೆಲ್ಲ ಫೋನಿನ ಸ್ನೇಹ, ದಾರಿಯ ಸ್ನೇಹ. ನಾನು ಅಕ್ಕನಿಗೆ ಹೇಳಿದ್ದು ಬಾಗಿಲಿನ ಮಾತು. ಮೇ ಕೊನೆಯಲ್ಲಿ ಅಕ್ಕ ಫೋನ್ ಮಾಡಿದಳು. "ವರ್ಷ ಆಯ್ತಾ ಬಂತು. ರೂಮಿಗೆ ಬಣ್ಣ ಹೊಡೆಸ್ಲಾ?" ಎಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ಆಸೆಯಿತ್ತು. ಅದಕ್ಕೇ ಉತ್ತರ ಕೊಡಲು ಕಷ್ಟವಾಯಿತು. "ಎರಡು ದಿನ ಕೊಡು" ಎಂದೆ.

ಮಾರನೆಯ ಬೆಳಿಗ್ಗೆ ಮೂಡಿಗೆರೆ ದಾಟಿ ಹೋಗುವ ಬಸ್ಸು ಹತ್ತಿದೆ. ಫೋನ್ ಮಾಡಲಿಲ್ಲ. ಕೈಯಲ್ಲಿ ಮೊಬೈಲು ಹಿಡಿದು, ಹಿಡಿದು, ಬ್ಯಾಗಿಗೆ ಹಾಕಿದೆ. ಕೊಟ್ಟಿಗೆಹಾರದಲ್ಲಿ ಇಳಿದಾಗ ಸಣ್ಣಗೆ ಮಳೆ. ದಾರಿ ಕೇಳಿಕೊಂಡು ಹೋಗಿ ಅವರ ಬಾಗಿಲ ಮುಂದೆ ನಿಂತಾಗ, ಆ ವಯಸ್ಸಿನಲ್ಲಿ, ಪ್ರಿನ್ಸಿಪಾಲರ ರೂಮಿನ ಹೊರಗೆ ನಿಂತಷ್ಟು ಎದೆ ಹೊಡೆದುಕೊಂಡಿತು. ಅವರು "ಅಯ್ಯೋ, ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ನೆಂಟರ ಹಾಗೆ ಹಾಲ್‌ನಲ್ಲಿ ಕೂರಿಸಿ, ಸೀರೆ ಬದಲಾಯಿಸಿ, ಕಪ್-ಸಾಸರಿನಲ್ಲಿ ಕಾಫಿ ತಂದರೆ, ನಾನು ಕುಡಿದು ಸಂಜೆಯ ಬಸ್ಸಿಗೆ ವಾಪಸ್ಸು ಬಂದು ಅಕ್ಕನಿಗೆ ಬಣ್ಣ ಹೊಡೆಸು ಎನ್ನುವವಳಿದ್ದೆ.

ತಟ್ಟಿದೆ. ಅವರೇ ತೆರೆದರು. ಮಾಸಿದ ನೈಟಿ, ತಲೆಗೆ ಎಣ್ಣೆ, ಹೆಗಲ ಮೇಲೆ ಟವೆಲ್ಲು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಈ ಮಳೇಲಿ ಬರೋಕೆ ಏನು ಬಂತು ನಿಮ್ಗೆ? ಒಂದು ಫೋನ್ ಮಾಡ್ಬಾರ್ದಾ? ಬಸ್‌ಸ್ಟ್ಯಾಂಡಿಗೆ ಜೀಪ್ ಕಳಿಸ್ತಿರ್ಲಿಲ್ವಾ?" ನನ್ನ ಉತ್ತರಕ್ಕೆ ಕಾಯದೆ ಒಳಗೆ ನಡೆದರು. "ಚಪ್ಪಲಿ ಅಲ್ಲೇ ಬಿಡಿ, ಕೆಸರು. ಹಲಸಿನ ಬೀಜ ಬೇಯಿಸಿಟ್ಟಿದೀನಿ, ಸಿಪ್ಪೆ ತೆಗೀತಾ ಕೂತ್ಕೊಳ್ಳಿ. ನಾನು ಸ್ನಾನ ಮುಗ್ಸಿ ಬರ್ತೀನಿ. ಕಾಫಿ ಬೇಕಿದ್ರೆ ಡಿಕಾಕ್ಷನ್ ಅಲ್ಲಿದೆ, ಹಾಲು ಬಿಸಿ ಮಾಡ್ಕೊಳ್ಳಿ. ಉಕ್ಕಿಸ್ಬೇಡಿ."

ಬಚ್ಚಲ ಬಾಗಿಲು ಹಾಕಿಕೊಂಡ ಸದ್ದಾಯಿತು. ಯಾರದೋ ಅಡುಗೆಮನೆಯಲ್ಲಿ, ಮಣೆಯ ಮೇಲೆ ಕೂತು, ಬಿಸಿ ಹಲಸಿನ ಬೀಜದ ಬಿಳಿ ಸಿಪ್ಪೆ ಸುಲಿಯುತ್ತಾ ನಾನು ಅತ್ತುಬಿಟ್ಟೆ. ಸ್ವಲ್ಪವೇ. ಆಮೇಲೆ ಹಾಲು ಉಕ್ಕಿತು.

ಮೈಸೂರಿನ ರೂಮಿಗೆ ಅಕ್ಕ ಬಣ್ಣ ಹೊಡೆಸಿದಳು, ಆದರೆ ಅದು ಅವಳ ಹೊಲಿಗೆ ಮೆಶಿನ್ ಇಡುವುದಕ್ಕೆ. ನಾನೂ ಕೊಟ್ಟಿಗೆಹಾರದವರೂ ಮುಂದೆ ಮೂರು ಹೂಮಳೆಗಳನ್ನು ಒಟ್ಟಿಗೆ ಅಳೆದೆವು. ಅವರು ನನಗೆ ಚಿಕೋರಿ ಬಿಡಿಸಿದರು. ನಾನು ಅವರಿಗೆ ಒಂದಿಷ್ಟು ಇಂಗ್ಲಿಷ್ ಬೈಗುಳ ಕಲಿಸಿದೆ, ಸಿಸ್ಟರ್‌ಗಳ ಕ್ಷಮೆ ಕೋರಿ. ಎಷ್ಟೋ ಸಲ ಜಗಳವಾಡಿದೆವು. ರಾಜಕೀಯದ ಮೇಲೆ, ಉಪ್ಪಿನಕಾಯಿಯ ಮೇಲೆ. ಹುಡುಗಿಯಾಗಿದ್ದಾಗ ಸಿಕ್ಕ ಸ್ನೇಹಿತೆಯರ ಜೊತೆ ಒಂದು ಬಾಲ್ಯ ಇರುತ್ತದೆ, ನೆನಪು ಮಾಡಿಕೊಂಡರೆ ಸಾಕು, ಮಾತು ಸಾಗುತ್ತದೆ. ಈ ವಯಸ್ಸಿನಲ್ಲಿ ಸಿಕ್ಕವರ ಜೊತೆ ಹಿಂದಿನದು ಏನೂ ಇರುವುದಿಲ್ಲ. ಇವತ್ತಿನದನ್ನೇ ಮಾತಾಡಬೇಕು. ಅದು ಎಷ್ಟು ಹಗುರ ಎನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಅವರ ಎದೆಯೊಳಗಿನ ವಾಲ್ವ್ ಒಂದು ಸವೆದಿದೆ ಎಂದು ಡಾಕ್ಟರರು ಹೇಳಿದ್ದು ನಾಲ್ಕನೆಯ ವರ್ಷ. ಮಂಗಳೂರಿನಲ್ಲಿ ಆಪರೇಷನ್ ಎಂದಾಯಿತು. ಕರೆದೊಯ್ಯಲು ಅವರ ಅಣ್ಣ ಕಾರು ತಂದಿದ್ದರು. ನಾನು ಹಿಂದಿನ ದಿನವೇ ಹೋಗಿ ಅವರ ಬಟ್ಟೆ ಜೋಡಿಸಿ, ಬೆಳಿಗ್ಗೆ ಕಾರಿನಲ್ಲಿ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದೆ. ಮಂಜು ಎಷ್ಟಿತ್ತೆಂದರೆ ಎದುರು ಸಾಲಿನ ಹೋಟೆಲುಗಳ ದೀಪ ಮಾತ್ರ ಕಾಣುತ್ತಿತ್ತು.

"ನೀರುದೋಸೆ ತಿಂದೇ ಘಾಟಿ ಇಳಿಯೋದು" ಎಂದರು ಅವರು.

"ಖಾಲಿ ಹೊಟ್ಟೇಲಿ ಬನ್ನಿ ಅಂದಿದಾರೆ ಡಾಕ್ಟ್ರು" ಎಂದರು ಅಣ್ಣ.

"ಆ ಡಾಕ್ಟ್ರು ಖಾಲಿ ಹೊಟ್ಟೇಲಿ ಚಾರ್ಮಾಡಿ ಇಳಿದಿದಾರಾ ಕೇಳು."

ನಾನು ಅಣ್ಣನ ಪಕ್ಷ ವಹಿಸಿದೆ. ಕಾರಿನಿಂದ ಇಳಿದು, ಅವರ ಕಿಟಕಿಯ ಬಳಿ ಬಂದು ನಿಂತೆ. ಅವರು ಗಾಜು ಇಳಿಸಿ ನನ್ನ ಕೈ ಹಿಡಿದರು. ಅವರ ಕೈ ಯಾವತ್ತೂ ಬೆಚ್ಚಗಿರುತ್ತಿತ್ತು, ಅವತ್ತು ಇರಲಿಲ್ಲ. ಅಣ್ಣನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ನಂಗೇನಾದ್ರೂ ಆದ್ರೆ ಮೈಸೂರಿಗೆ ಓಡಿಹೋಗ್ಬೇಡಿ ಮತ್ತೆ. ಜಾವಳಿಯೋರಿದಾರೆ. ನಿಮ್ಮ ಕೆಳಗಿನ ಮನೆಯೋರಿದಾರೆ. ಬಾಗಿಲು ತಟ್ಟಿ. ತೆಗೀತಾರೆ."

"ಏನೂ ಆಗಲ್ಲ. ಡೋಂಟ್ ಬಿ ಸಿಲ್ಲಿ."

"ಅದಲ್ಲ ನಾನು ಕೇಳಿದ್ದು."

"ಹೋಗಲ್ಲ" ಎಂದೆ.

"ಹ್ಞಾಂ. ಸ್ವೆಟರ್ ಗುಂಡಿ ಹಾಕ್ಕೊಳ್ಳಿ, ಥಂಡಿ" ಎಂದು ಕೈ ಬಿಟ್ಟರು. ಕಾರು ಹೊರಟಿತು. ಕಿಟಕಿಯಿಂದ ಅವರ ಕೈ ಹೊರಗೆ ಬಂದು, ನಿಲ್ಲಬೇಡಿ, ಹೋಗಿ, ಹೋಗಿ ಎನ್ನುವ ಹಾಗೆ ಆಡುತ್ತಿತ್ತು. ಘಾಟಿಯ ಕಡೆ ತಿರುಗುವಲ್ಲಿ ಮಂಜು ಮೊದಲು ಕಾರನ್ನು ತೆಗೆದುಕೊಂಡಿತು. ಕೈ ಇನ್ನೂ ಒಂದು ಕ್ಷಣ ಕಂಡಿತು.