ಬೋರಲಾದ ಚೆನ್ನೆಮಣೆ

ಮೊನ್ನೆ ಪಡೀಲಿನ ಗ್ಯಾರೇಜಿನಲ್ಲಿ ನನ್ನ ಹಳೆಯ ಸ್ಕೂಟರಿನ ಸೀಟು ಬಿಚ್ಚಿದ ಮೆಕ್ಯಾನಿಕ್, ಅಡಿಯ ಧೂಳಿನಿಂದ ಒಂದು ಕೆಂಪು ಬೀಜ ಹೆಕ್ಕಿ ಕೊಟ್ಟ. "ಚೆನ್ನೆಕಾಯಿ ಅಲ್ವಾ ಮೇಡಂ ಇದು? ಗಾಡಿಯಲ್ಲಿ ಎಂತಕ್ಕೆ?" ಎಂದು ನಕ್ಕ. ಇಷ್ಟು ವರ್ಷವಾದರೂ ಅದರ ಬಣ್ಣ ಮಾಸಿರಲಿಲ್ಲ. ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಹಿಂದೆ ಯಾವುದೋ ಬೈಕು ನಿಧಾನವಾದ ಸದ್ದಾಯಿತು, ನನ್ನ ಕತ್ತು ತಾನಾಗಿ ಅತ್ತ ತಿರುಗಿತು. ಈಗಲೂ ಹಾಗೆಯೇ...

ಅದು ನಮಗೆ ಸಂಖ್ಯಾಶಾಸ್ತ್ರ ಕಲಿಸಿದ ಸರ್ ಅವರ ಚೆನ್ನೆಮಣೆಯ, ಅಂದರೆ ಅಳಗುಳಿ ಮಣೆಯ, ಕಾಯಿ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಮ್ಮ ಊರಿನಲ್ಲಿ ಹೆಸರು ಹೇಳಿದರೆ ಸಾಕು, ಕೇಳಿದವರು ಮನುಷ್ಯನನ್ನು ಯಾವುದಾದರೂ ಒಂದು ಕಡೆಗೆ ಸೇರಿಸಿ ಮುಗಿಸಿರುತ್ತಾರೆ. ಅದೇ ಕಾರಣಕ್ಕೆ, ಆ ದಿನ ಬಂದವರು ಯಾವ ಕಡೆಯವರು ಎಂಬುದನ್ನೂ ಬರೆಯುವುದಿಲ್ಲ. ಈ ಸಂಗತಿ ಹೇಳಿದಾಗಲೆಲ್ಲ ಜನ ಮೊದಲು ಕೇಳುವುದು ಅದನ್ನೇ. ಪೆಟ್ಟು ಎಲ್ಲಿಗೆ ಬಿತ್ತು ಎಂದು ಯಾರೂ ಕೇಳುವುದಿಲ್ಲ.

ನಾನಾಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನನ್ನ ಪ್ರಾಜೆಕ್ಟಿಗೆ ಸರ್ ಒಪ್ಪಿದ ವಿಷಯ ಜನರ ಧಾರ್ಮಿಕತೆ. ಮನೆಮನೆಗೆ ಹೋಗಿ ಎರಡು ಪ್ರಶ್ನೆ ಕೇಳುವುದು, ಉತ್ತರಗಳ ಸರಾಸರಿ, ಮಧ್ಯಾಂಕ, ಹರಡಿಕೆ ನೋಡುವುದು, ಅಷ್ಟೇ. ಒಂದನೆಯದು, ಧರ್ಮದ ವಿಷಯದಲ್ಲಿ ನೀವು ಎಷ್ಟು ಗಟ್ಟಿ? ಎರಡನೆಯದು, ನಿಮ್ಮ ಆಸುಪಾಸಿನ ಬೇರೆ ಧರ್ಮದವರು ಎಷ್ಟು ಗಟ್ಟಿ? ಒಂದು ಎಂದರೆ ನಂಬಿಕೆಯೇ ಇಲ್ಲ, ಏಳು ಎಂದರೆ ಬಹಳ ಗಟ್ಟಿ.

ಮೊದಲ ವಾರದ ಉತ್ತರಗಳು ಪ್ರಯೋಜನಕ್ಕೆ ಬರಲಿಲ್ಲ. ಚಾವಡಿಯಲ್ಲಿ ಅತ್ತೆ ಕುಳಿತಿರುವಾಗ ಸೊಸೆ ಏನು ಹೇಳಿಯಾಳು? ಮನೆಯ ಯಜಮಾನರು ಎಷ್ಟು ಅಂದರೋ ಉಳಿದವರೂ ಅಷ್ಟೇ ಅಂದರು. ಮರುವಾರ ಸರ್ ಎಲ್ಲಿಂದಲೋ ಒಂದು ಚೆನ್ನೆಮಣೆ ಹಿಡಿದುಕೊಂಡು ಡಿಪಾರ್ಟ್‌ಮೆಂಟಿಗೆ ಬಂದರು. ಎರಡು ಸಾಲು, ಸಾಲಿಗೆ ಏಳು ಗುಳಿ. ಮೇಲಿನ ಸಾಲು ಮೊದಲ ಪ್ರಶ್ನೆಗೆ, ಕೆಳಗಿನದು ಎರಡನೆಯದಕ್ಕೆ. ಮಣೆಯ ಮೇಲೆ ಮೈ ಒರೆಸುವ ಬೈರಾಸು ಹೊದಿಸಿ, ಉತ್ತರಿಸುವವರು ಅದರಡಿಗೆ ಕೈಹಾಕಿ, ಗುಳಿಗಳನ್ನು ಎಡದಿಂದ ತಡವಿ ಎಣಿಸಿ ಒಂದೊಂದು ಕಾಯಿ ಬಿಡಬೇಕು. ನಾವು ಬಾಗಿಲ ಕಡೆಗೆ ಮುಖ ಮಾಡಿ ನಿಲ್ಲಬೇಕು. ಒಂದು ಓಣಿ ಮುಗಿದ ಮೇಲೆಯೇ ಬೈರಾಸು ತೆಗೆದು ಎಣಿಸುವುದು. ಹೆಸರಿಲ್ಲ, ಮನೆ ನಂಬರಿಲ್ಲ.

ಆಫೀಸಿನ ಅಕ್ಕ ಮಣೆ ನೋಡಿ ಗದರಿದ್ದರು. "ಆಟಿ ತಿಂಗಳು ಕಳೆದ ಮೇಲೆ ಚೆನ್ನೆ ತೆಗೀಲಿಕ್ಕಿಲ್ಲ ಸಾರ್, ಮನೆಗೆ ಒಳ್ಳೇದಲ್ಲ." ಸರ್ ನಗುತ್ತ, "ಆಡುವುದಲ್ಲ ಅಕ್ಕಾ, ಎಣಿಸುವುದು ಮಾತ್ರ" ಎಂದರು.

ಒಬ್ಬಳನ್ನೇ ಕಳಿಸಲಿಕ್ಕಾಗುವುದಿಲ್ಲ ಎಂದು ನನ್ನ ಜೊತೆ ಅವರೂ ಹೊರಡುತ್ತಿದ್ದರು. ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಮಣೆ ಇಟ್ಟುಕೊಂಡು, ಮಣ್ಣಗುಡ್ಡದಿಂದ ವಾಮಂಜೂರಿನವರೆಗೆ. ಓಣಿಯೊಳಗೆ ಮನೆಯಿಂದ ಮನೆಗೆ ತುಂಬಿದ ಪಾಯಸದ ಪಾತ್ರೆ ಹಿಡಿದಂತೆ ಅಲುಗದೆ ನಡೆಯುತ್ತಿದ್ದರು.

ಕೆಲವು ಓಣಿಗಳು ಮುಗಿಯುವಷ್ಟರಲ್ಲಿ ಒಂದು ಆಕಾರ ಕಾಣತೊಡಗಿತ್ತು. ಮೇಲಿನ ಸಾಲಿನಲ್ಲಿ ಕಾಯಿಗಳು ನಡುವೆ ಹೆಚ್ಚು, ಆಚೀಚೆ ಸ್ವಲ್ಪ ಸ್ವಲ್ಪ ಚದುರಿರುತ್ತಿದ್ದವು. ಕೆಳಗಿನ ಸಾಲಿನಲ್ಲಿ ಚದುರುವ ಮಾತೇ ಇಲ್ಲ, ಬಲತುದಿಯ ಗುಳಿಯಲ್ಲಿ ರಾಶಿ. ಯಾವ ಧರ್ಮದವರ ಓಣಿಗೆ ಹೋದರೂ ಅದೇ. ನಾನು ಸರಾಸರಿ ತೆಗೆಯಲು ಕ್ಯಾಲ್ಕ್ಯುಲೇಟರ್ ಎತ್ತಿಕೊಂಡರೆ ಸರ್ ತಡೆದರು. "ಸರಾಸರಿ ಮತ್ತೆ ನೋಡುವ. ಮೊದಲು ಹರಡಿಕೆ ನೋಡು. ತನ್ನನ್ನು ಎಲ್ಲರೂ ನಡುವಿನಲ್ಲಿ ಇಟ್ಕೊಳ್ತಾರೆ, ಇನ್ನೊಬ್ಬರನ್ನು ತುದಿಗೆ ತಳ್ತಾರೆ. ಆ ಇನ್ನೊಬ್ಬರೂ ಮೇಲಿನ ಸಾಲಿನಲ್ಲಿ ಉಂಟಲ್ಲ ಮಾರಾಯ್ತಿ?"

ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಖುಷಿ... ಅಂಥ ಖುಷಿಯನ್ನು ನಾನು ಮತ್ತೆ ಅಲ್ಲಿ ನೋಡಲಿಲ್ಲ.

ಪಡೀಲಿನ ಆ ಓಣಿ ಚಿಕ್ಕದು. ಕೊನೆಯ ಮನೆ ಮುಗಿಸಿ ಸ್ಕೂಟರಿನ ಹತ್ತಿರ ಬಂದಿದ್ದೆವು. ನಾನು ಬ್ಯಾಗು ಇಡಲು ಸೀಟು ಎತ್ತಿದ್ದೆ. ಓಣಿಯ ಬಾಯಿಗೆ ಬೈಕುಗಳು ಬಂದು ಅಡ್ಡ ನಿಂತವು. ಯಾರೋ ನಮ್ಮ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದರಂತೆ. ಮುಂದಿದ್ದವನು ಕೂಗಾಡಲಿಲ್ಲ. ಅದೇ ಇನ್ನೂ ಹೆದರಿಕೆ ಹುಟ್ಟಿಸಿತು.

"ಎಂತ ಸಾರ್ ಇದು, ಮನೆಮನೆಗೆ ಹೋಗಿ ದೇವರ ಲೆಕ್ಕ ಕೇಳುವುದು? ಹೆಸರು ಎಂತ ನಿಮ್ಮದು?"

ಸರ್ ಹೆಸರು ಹೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲೇಜಿನ ಪ್ರಾಜೆಕ್ಟು, ಯಾರ ಹೆಸರನ್ನೂ ಬರೆದುಕೊಂಡಿಲ್ಲ ಎಂದು ಸರ್ ವಿವರಿಸಿದರೆ, "ಹೆಸರು ಬರ್ಕೊಳ್ಳದ ಸರ್ವೆ ಉಂಟಾ ಮಾರಾಯ್ರೆ? ಕಳ್ಳರು ಮಾತ್ರ ಹಾಗೆ ಮಾಡುವುದು" ಎಂದು ಅವನು ಉಳಿದವರ ಕಡೆ ತಿರುಗಿ ನಕ್ಕ. ಉತ್ತರಿಸಿದವರ ಗುಟ್ಟು ಕಾಯಲೆಂದು ಮಾಡಿದ್ದೇ ನಮ್ಮ ಅಪರಾಧವಾಗಿ ಹೋಯಿತು.

ಗುಂಪಿನಲ್ಲಿ ಅದೇ ಓಣಿಯ ಒಬ್ಬನಿದ್ದ. ಬೆಳಿಗ್ಗೆ ತಾನೂ ಬೈರಾಸಿನಡಿ ಕೈಹಾಕಿ ಕಾಯಿ ಬಿಟ್ಟವನು, ನಮಗೆ ನೀರು ಕೊಟ್ಟವನು. ಅವನೇ ಹೇಳಿಕೊಟ್ಟ: "ಎಡತುದಿಯ ಗುಳಿ ಅಂದ್ರೆ ನಂಬಿಕೆಯೇ ಇಲ್ಲ ಅಂತ."

"ಹೌದಾ? ಹಾಗಾದ್ರೆ ಬೈರಾಸು ತೆಗೀರಿ, ನೋಡುವ. ಇರುವುದೇ ನಾಲ್ಕು ಮನೆ. ಯಾರು ಅಂತ ಕೇಳಿದ್ರೆ ಗೊತ್ತಾಗ್ತದೆ."

ಪಕ್ಕದ ಮನೆಯ ಗೇಟಿನ ಹಿಂದೆ, ಕಾಯಿ ಬಿಟ್ಟಿದ್ದ ಆ ಮನೆಯ ಸೊಸೆ ನಿಂತಿದ್ದಳು. ಎರಡೂ ಕೈಯಲ್ಲಿ ಸರಳು ಹಿಡಿದಿದ್ದಳು. ಅವಳು ಅವರನ್ನೂ ನೋಡುತ್ತಿರಲಿಲ್ಲ, ನಮ್ಮನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಬೈರಾಸಿನ ಮೇಲೆಯೇ ಇತ್ತು. ಸರ್ ಅವಳನ್ನು ನೋಡಿದರು. ಒಂದು ಕ್ಷಣ, ಅಷ್ಟೇ. ಮುಂದಿದ್ದವನು ಬೈರಾಸಿಗೆ ಕೈಹಾಕುವ ಮೊದಲು ಸರ್ ಮಣೆಯನ್ನು ಬೋರಲು ಹಾಕಿದರು.

ತರಗತಿಯಲ್ಲಿ ಹುಡುಗರು ಉತ್ತರವನ್ನು ರಬ್ಬರಿನಿಂದ ಉಜ್ಜಿದರೂ ಸಿಡುಕುತ್ತಿದ್ದ ಮನುಷ್ಯ ಅವರು. ಬಂದ ಅಂಕಿ ಏನೇ ಇರಲಿ ಅಳಿಸಬಾರದು ಎನ್ನುತ್ತಿದ್ದವರು. ಕೆಂಪು ಕಾಯಿಗಳು ರಸ್ತೆಯ ಜಲ್ಲಿಯಲ್ಲಿ ಚೆಲ್ಲಿಹೋದವು. "ಇನ್ನು ಯಾವ ಕಾಯಿ ಯಾವ ಗುಳಿಯದ್ದು ಅಂತ ಹೇಳುವವರು ಯಾರೂ ಇಲ್ಲ" ಎಂದು ಮೆಲ್ಲಗೆ ಹೇಳಿದರು. ಆಗ ಯಾರದೋ ಕೈಯಲ್ಲಿದ್ದ ಹೆಲ್ಮೆಟ್ ಮೇಲೆದ್ದಿತು. ಸರ್ ಬಲಗೈ ಅಡ್ಡ ಹಿಡಿದರು. ಆ ಸದ್ದು... ತೆಂಗಿನ ಒಣ ಗರಿ ಮುರಿದ ಹಾಗಿತ್ತು. ನನ್ನ ಕೂಗು ನನಗೇ ಕೇಳಲಿಲ್ಲ. ನಡುವೆ ನುಗ್ಗಿದ ನನ್ನನ್ನು ಯಾರೋ ಗೋಡೆಗೆ ತಳ್ಳಿದರು. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೋ, ಪ್ರತಿ ಸಲವೂ ಕೈ ಅಲ್ಲಿಯೇ ಇರುತ್ತದೆ, ಹೆಲ್ಮೆಟ್ ಅಲ್ಲಿಗೇ ಇಳಿಯುತ್ತದೆ.

ಬೈಕುಗಳು ಹೋದ ಮೇಲೆ ಗೇಟು ತೆರೆಯಿತು. ಆ ಸೊಸೆ ರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಸಿಕ್ಕಿದಷ್ಟು ಕಾಯಿಗಳನ್ನು ಹೆಕ್ಕಿ, ತೆರೆದೇ ಇದ್ದ ನನ್ನ ಸ್ಕೂಟರಿನ ಸೀಟಿನಡಿಗೆ ಸುರಿದು ಒಳಗೆ ಹೋದಳು.

ಮುಂದೆ ನಡೆದದ್ದು ಇನ್ನೂ ಹೇಸಿಗೆ. ಹೊಡೆದವರ ಮೇಲೆ ದೂರು ಕೊಡಲು ಠಾಣೆಗೆ ಹೋದರೆ ನಮ್ಮನ್ನೇ ಕೂರಿಸಿ ಪ್ರಶ್ನೆ ಕೇಳಿದರು. ಮರುದಿನ ಪತ್ರಿಕೆಯಲ್ಲಿ ನಾವು 'ಅನುಮಾನಾಸ್ಪದ ಸಮೀಕ್ಷೆ' ನಡೆಸಿದವರಾಗಿದ್ದೆವು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮನುಷ್ಯನನ್ನು ಪ್ರಿನ್ಸಿಪಾಲರು ಎದುರಿಗೆ ನಿಲ್ಲಿಸಿ, "ನಿಮಗೆ ಇದೆಲ್ಲ ಎಂತಕ್ಕೆ ಬೇಕಿತ್ತು? ಮಳೆಯ ಲೆಕ್ಕ ಇರ್ಲಿಲ್ವಾ, ಮೀನಿನ ಲೆಕ್ಕ ಇರ್ಲಿಲ್ವಾ?" ಎಂದರು. ಭಾವನೆಗಳಿಗೆ ನೋವಾಗಿದ್ದರೆ ಕ್ಷಮೆ ಇರಲಿ ಎಂಬ ಪತ್ರಕ್ಕೆ ಸಹಿ ಕೇಳಿದರು. ಮೂಳೆ ಮುರಿದದ್ದು ಸರ್ ಅವರದ್ದು, ನೋವಾದದ್ದು ಮಾತ್ರ ಬೇರೆಯವರಿಗೆ! ಅವರು ಸಹಿ ಹಾಕಲಿಲ್ಲ. ಆ ವರ್ಷವೇ ಕೆಲಸ ಬಿಡಿಸಿದರು. ಬೆರಳುಗಳು ಮತ್ತೆ ಸರಿಯಾಗಿ ಮಡಚಲಿಲ್ಲ. ಚಾಕ್‌ಪೀಸ್ ಹಿಡಿಯಲಾಗದ ಮೇಷ್ಟ್ರಿಗೆ ಬೇರೆ ಕಾಲೇಜುಗಳೂ ನಯವಾಗಿ ಬಾಗಿಲು ಹಾಕಿದವು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ತಿಳಿದದ್ದು ತಡವಾಗಿ. ನಾನೀಗ ಅವರ ಪಾಠವನ್ನೇ ಮಾಡುತ್ತೇನೆ. ನಮ್ಮ ವಿದ್ಯಾರ್ಥಿಗಳು ವಾಹನಗಳನ್ನು ಎಣಿಸುತ್ತಾರೆ, ಮಳೆಯನ್ನು ಅಳೆಯುತ್ತಾರೆ. ಬೇರೆ ವಿಷಯಕ್ಕೆ ಅನುಮತಿ ಇಲ್ಲ.

ಆ ದಿನದವರನ್ನು ನೆನೆದಾಗಲೆಲ್ಲ ಎಲ್ಲರನ್ನೂ ಒಟ್ಟಿಗೆ ತುದಿಯ ಗುಳಿಗೆ ಸುರಿದುಬಿಡುತ್ತೇನೆ. ಹರಡಿಕೆ ನೋಡು ಎನ್ನುತ್ತಿದ್ದರು ಸರ್. ನನ್ನಿಂದ ಆಗುವುದಿಲ್ಲ. ಆದರೆ ನೀರು ಕೊಟ್ಟ ಆ ಮನುಷ್ಯನ ಕಾಯಿಯೂ ಆ ಮಣೆಯಲ್ಲಿತ್ತು, ಅವನನ್ನೂ ಸರ್ ಕಾಪಾಡಿದ್ದರು ಎಂಬುದು ಅವನಿಗೆ ಎಂದಾದರೂ ಹೊಳೆದಿದೆಯೋ ಇಲ್ಲವೋ...

ಕಾಯಿ ಈಗ ನನ್ನ ಮೇಜಿನ ಮೇಲಿದೆ. ಅದು ಯಾವ ಗುಳಿಯದ್ದೆಂದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಬಾರದು ಎಂದೇ ಅವರು ತಮ್ಮ ಕೈ ಕಳೆದುಕೊಂಡರು.