ಮೂರು ಟ್ಯಾಂಕ್ ಎಂಜಿನ್ ನೇಯ್ದದ್ದು

ಹಿಂದೂಪುರದ ನಮ್ಮ ಮಗ್ಗದಲ್ಲಿ ನವಿಲು, ಆನೆ, ಮಾವಿನಕಾಯಿ ಎಲ್ಲ ಮೂಡಿವೆ. ರೈಲು ಎಂಜಿನ್ ಮೂಡಿದ್ದು ಒಂದೇ ಸಲ, ಹೋದ ವರ್ಷ. ಕಲ್ಯಾಣದುರ್ಗದಿಂದ ಮುದುಕರೊಬ್ಬರು ಬಸ್ಸಲ್ಲಿ ಬಂದು, ಗೋಡೆಗೆ ತೂಗುಹಾಕೋ ರೇಷ್ಮೆ ಬಟ್ಟೆ ಬೇಕು ಅಂದರು. ಹಿಂದೆ ಮೀಟರ್ ಗೇಜ್ ಲೈನಿನಲ್ಲಿ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದರಂತೆ.

"ಮೂರು ಟ್ಯಾಂಕ್ ಎಂಜಿನ್ ನೇಯ್ಬೇಕು ಕಣಮ್ಮ. ಮೊದಲನೇದು, ಆಮೇಲಿಂದು, ಕಡೇದು. ಹೆಂಗೆಂಗೆ ಬದಲಾಯ್ತು ಅಂತ ಕಾಣ್ಬೇಕು."

ಟ್ಯಾಂಕ್ ಅಂದರೆ ನನ್ನ ಕಣ್ಮುಂದೆ ಬಂದದ್ದು ಮಹಡಿ ಮೇಲಿನ ಕಪ್ಪು ನೀರಿನ ಟ್ಯಾಂಕ್. ನಮ್ಮ ಯಜಮಾನರು, "ಅಷ್ಟೂ ಗೊತ್ತಾಗಲ್ವಾ, ಎಣ್ಣೆ ಟ್ಯಾಂಕರ್ ಎಳೆಯೋ ಎಂಜಿನ್ನು" ಅಂದು, ಎಂಜಿನ್ ಹಿಂದೆ ದುಂಡು ಟ್ಯಾಂಕರ್ ಕಟ್ಟಿ ಗ್ರಾಫ್ ಹಾಳೆಯಲ್ಲಿ ಬರೆದರು. ಮುದುಕರು ಮತ್ತೆ ಬಂದಾಗ ಅದನ್ನು ನೋಡಿ ಅಲ್ಲವೇ ಅಲ್ಲ ಅಂತ ತಲೆ ಆಡಿಸಿದರು, ಬಾಯಿಗೆ ತೆಲುಗೇ ಬಂತು.

"ಕಾದಮ್ಮಾ, ಕಾದು! ದೊಡ್ಡ ಎಂಜಿನ್ನು ನೀರಿಗೆ ಅಂತ ಹಿಂದೆ ಬೇರೆ ಗಾಡಿ ಎಳ್ಕೊಂಡು ಹೋಯ್ತದೆ. ನಮ್ದು ತನ್ನ ಪಕ್ಕೆಗೇ ನೀರು ಕಟ್ಕೊಂಡು ಓಡ್ತಿತ್ತು."

ಮೊದಲನೆಯದಕ್ಕೆ ಎರಡೂ ಪಕ್ಕದಲ್ಲಿ ನೀರಿನ ಸಣ್ಣ ಪೆಟ್ಟಿಗೆ ಇದ್ದವಂತೆ. ನೀರು ಬೇಗ ಮುಗಿದುಹೋಗುತ್ತಿತ್ತು ಅಂತ ಎರಡನೆಯದರಲ್ಲಿ ಅವನ್ನು ಮೂತಿಯವರೆಗೂ ಉದ್ದ ಮಾಡಿದರು. ಆಗ ಡ್ರೈವರಿಗೆ ಮುಂದಿನ ಕಂಬಿ ಕಾಣದಾಯಿತು. ಅದಕ್ಕೇ ಮೂರನೆಯದರಲ್ಲಿ ಪೆಟ್ಟಿಗೆಯ ಮುಂದಿನ ತುದಿಯನ್ನು ಇಳಿಜಾರಾಗಿ ಕತ್ತರಿಸಿದರು. ಇಷ್ಟು ನನಗೆ ಅರ್ಥವಾಯಿತು.

"ನೀರು ಖರ್ಚಾದ ಹಾಗೆ ಹಗುರ ಆಗಿ ಜೋರಾಗಿ ಓಡ್ತಿತ್ತಲ್ವಾ?" ಅಂತ ಕೇಳಿದೆ.

"ಎಲ್ಲಿ ಓಡ್ತದೆ? ಹಗುರ ಆದ್ರೆ ಏರಲ್ಲಿ ಚಕ್ರ ಜಾರ್ತದೆ."

ಹುಟ್ಟಿದಾಗಿನಿಂದ ಬಿಂದಿಗೆ ಹೊತ್ತವಳು ನಾನು. ಭಾರ ಕಮ್ಮಿಯಾದರೆ ಏರು ಹತ್ತೋದು ಕಷ್ಟ ಹೇಗೆ? ಅವರು ಇನ್ನೊಂದು ಸಲ ಬಿಡಿಸಿ ಹೇಳಿದರು. ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು, ಇಬ್ಬರಿಗೂ ತಿಳಿಯಲಿಲ್ಲ.

ಅಂತೂ ಗ್ರಾಫ್ ತಿದ್ದಿ ಬರೆದು, ನೇಯ್ದು ಮುಗಿಸಿ, ನಾನೇ ಕಲ್ಯಾಣದುರ್ಗಕ್ಕೆ ತಗೊಂಡು ಹೋದೆ. ಮುದುಕರು ಬಟ್ಟೆಯನ್ನು ಮಂಚದ ಮೇಲೆ ಹಾಸಿ ಬಹಳ ಹೊತ್ತು ನೋಡಿದರು. ಕೊನೆಗೆ ನನ್ನನ್ನೇ ಕೇಳಿದರು:

"ಇದ್ರಲ್ಲಿ ನಂದು ಯಾವ್ದಮ್ಮಾ?"

ನನಗೇನು ಗೊತ್ತು? ತಮಾಷೆ ಅಂದುಕೊಂಡೆ. ಅವರ ಮುಖದಲ್ಲಿ ನಗು ಇರಲಿಲ್ಲ.

"ಚಿತ್ರ ಬರೆಯೋ ಹಾಗೆ ಎಲ್ಲಾ ಹೇಳಿದ್ದು ನೀವೇ ಅಲ್ವಾ?"

"ಅದು ಎಂಜಿನ್ ಶೆಡ್ಡಿನ ಮೇಸ್ತ್ರಿ ಹೇಳ್ತಿದ್ದದ್ದು. ನಾನು ಒಳಗೆ ಬೆಂಕಿ ಮುಂದೆ ನಿಂತಿದ್ದವ್ನು. ಓಡೋವಾಗ ಪಕ್ಕದಿಂದ ಯಾವತ್ತು ನೋಡ್ದೆ?"

ಅಡುಗೆಮನೆಯಿಂದ ಅವರ ಹೆಂಡತಿ, "ನನ್ನ ಕೇಳ್ಬೇಡ ಕಣಮ್ಮ, ಮಸಿ ಬಟ್ಟೆ ಒಗೆದಿದ್ದೊಂದೇ ನಂಗೆ ಗೊತ್ತು" ಅಂದರು.

ಮುದುಕರು ಇಳಿಜಾರಿನ ಎಂಜಿನ್ ಮೇಲೆ ಬೆರಳಿಟ್ಟರು, ಆಮೇಲೆ ಉದ್ದ ಪೆಟ್ಟಿಗೆಯದರ ಮೇಲೆ. ಕೊನೆಗೆ ತಾವೇ ಮೊಳೆ ಹೊಡೆದು ಬಟ್ಟೆ ತೂಗುಹಾಕಿದರು. ಊಟ ಮಾಡಿಕೊಂಡೇ ಹೋಗು ಅಂದರು, ಮಾಡಿದೆ. ಅವರಿಗೆ ಹಿಡಿಸಿತೋ ಇಲ್ಲವೋ ಅಂತ ಪೆನುಕೊಂಡದವರೆಗೂ ಬಸ್ಸಲ್ಲಿ ಯೋಚಿಸಿದೆ.

ಆಮೇಲೆ ಮುದುಕರ ಫೋನ್ ಬಂತು: "ಎರಡನೇದೇ ನಂದು, ಈಗ ಗೊತ್ತಾಯ್ತು." ಮೊನ್ನೆ ಮತ್ತೆ ಬಂತು, ಸ್ಪೀಕರಿನಲ್ಲಿ ಯಜಮಾನರೂ ಕೇಳುತ್ತಿದ್ದರು: "ಮೂರನೇದು ಅನ್ನಿಸ್ತೈತೆ ಕಣಮ್ಮ."

"ನೀನೇನಂತೀಯ?" ಅಂದರು ಯಜಮಾನರು.

ನನಗೆ ಮೊದಲನೆಯದು ಅನ್ನಿಸುತ್ತೆ. ಯಾಕೆ ಅಂದರೆ ಹೇಳಲಾರೆ.