ಹಿಲೇನಿಯ ಆಕಾಶಕ್ಕೆ ಯಾವ ಫಿಲ್ಟರು?

ಕಡಲ ದಂಡೆಯ ಸ್ವಾಕೊಪ್‌ಮುಂಡ್ ಊರಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವ ಸೆಲ್ಮಾ ಒಂದೇ ನೋಟಕ್ಕೆ ಗಿರಾಕಿಯನ್ನು ತೂಗಬಲ್ಲಳು. ಅವಳ ತಕ್ಕಡಿಗೆ ಸಿಗದವರೆಂದರೆ ಭೂಗೋಳದ ನಿವೃತ್ತ ಮೇಷ್ಟ್ರು, ಫೋಟೋ ಹುಚ್ಚಿನ ಹೌಫಿಕು ಒಬ್ಬರೇ. ಪ್ರತಿ ಶನಿವಾರ ಬಂದು, ಆಕಾಶದ ಕಣ್ಣು ಕುಕ್ಕುವ ಬೆಳಕು ತಗ್ಗಿಸಲು ಕ್ಯಾಮೆರಾದ ಮುಂದೆ ಹಿಡಿಯುವ, ಮೇಲರ್ಧ ಮಾತ್ರ ಕಪ್ಪಾದ ಫಿಲ್ಟರುಗಳನ್ನೆಲ್ಲ ಮೇಜಿನ ಮೇಲೆ ಹರಡಿಸುತ್ತಾರೆ. ಕಪ್ಪು ಥಟ್ಟನೆ ಮುಗಿಯುವಂಥದ್ದು ಕಡಲಿಗೆ, ಮೆಲ್ಲಗೆ ಕರಗುವಂಥದ್ದು ಗುಡ್ಡಕ್ಕೆ ಎಂದು ಊರಿಗೆಲ್ಲ ಪಾಠ ಹೇಳಿದವರೇ ಅವರು. ಆದರೂ ಒಂದೊಂದನ್ನೂ ಗೋಡೆಯ ಮೇಲಿನ ಬಹುಮಾನ ಗೆದ್ದ ಫೋಟೋಗೆ ಹಿಡಿದು ಕಣ್ಣು ಕಿರಿದು ಮಾಡುತ್ತಾರೆ. ಅದು ಅವರ ಹಳೆಯ ಶಿಷ್ಯೆ ಹಿಲೇನಿ ತೆಗೆದ ಕಡಲಿನ ಚಿತ್ರ. ಅವರಿಗೆ ಸೆಲ್ಮಾ ‘ಮೆಮೆ’, ಎಂದರೆ ಅಮ್ಮ; ಅವಳಿಗೆ ಅವರು ‘ತಾತೆ’, ಎಂದರೆ ಅಪ್ಪ. “ಈ ಆಕಾಶಕ್ಕೆ ಅವ್ಳು ಯಾವ್ದು ಹಾಕಿದ್ಲು, ಮೆಮೆ? ನನ್ನ ಭೂಗೋಳದಲ್ಲಿ ನೂರಕ್ಕೆ ಬರೀ ಮೂವತ್ತೆರಡು ಅಂಕ ತಗೊಂಡೋಳು!” “ಯಾವ್ದೋ ಒಂದು, ತಾತೆ. ಇವತ್ತು ಕೊಳ್ತೀರೋ, ಗಾಜಿಗೆಲ್ಲ ಬೆರಳ ಗುರುತು ಮಾಡಿ ಹೋಗ್ತೀರೋ?” ಕೊಳ್ಳುತ್ತಾರೆ, ಮುಂದಿನ ಶನಿವಾರ “ಇದಲ್ಲ” ಎಂದು ವಾಪಸು ತರುತ್ತಾರೆ. ಆ ಫೋಟೋ ತೆಗೆದ ದಿನ ಹಿಲೇನಿ ಯಾವ ಫಿಲ್ಟರನ್ನೂ ಹಾಕಿರಲಿಲ್ಲ, ಮಂಜು ಕವಿದು ಆಕಾಶವೂ ನೀರೂ ಒಂದೇ ಬೆಳಕಿನಲ್ಲಿದ್ದವು ಎಂಬುದು ಸೆಲ್ಮಾಗೆ ಗೊತ್ತು. ಮೊನ್ನೆ ಪಾಪವೆನಿಸಿ ಹೇಳಿಯೇ ಬಿಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರೇ, “ಹೆಂಡ್ತಿ ಹೋದ್ಮೇಲೆ ಹಾಸಿಗೆ ಬಿಟ್ಟು ಏಳೋಕೇ ಮನಸ್ಸಿರ್ಲಿಲ್ಲ, ಮೆಮೆ. ಈಗ ಹಿಲೇನಿ ಮೇಲಿನ ಈ ಹೊಟ್ಟೆಕಿಚ್ಚೇ ಸೂರ್ಯನಿಗಿಂತ ಮೊದ್ಲು ನನ್ನನ್ನ ಎಬ್ಬಿಸಿ ಕಡಲಿಗೆ ಕಳಿಸುತ್ತೆ,” ಎಂದರು. ಸೆಲ್ಮಾ ಮೇಲಿನ ಕಪಾಟಿನಿಂದ ಇನ್ನೊಂದು ಫಿಲ್ಟರಿನ ಡಬ್ಬಿ ಇಳಿಸಿದಳು. “ಇದನ್ನ ನೋಡಿ, ತಾತೆ. ಇದೇ ಇದ್ರೂ ಇರಬಹುದು.”